ರೊಟ್ಟಿ ಬಡಿಯದ ಎರಡು ದಿನ

ಒಂದು ಮಾತನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನಗೀಗ ಐವತ್ತೆಂಟು ವರ್ಷ. ಬನಹಟ್ಟಿಯ ಹೈಸ್ಕೂಲೊಂದರಲ್ಲಿ ಮಕ್ಕಳಿಗೆ ಇತಿಹಾಸ ಕಲಿಸುತ್ತೇನೆ. ಅಲೆಗ್ಸಾಂಡರನನ್ನು ಸಿಂಧೂ ನದಿ ದಾಟಿಸಿದ್ದೇನೆ, ವಾಸ್ಕೋ ಡ ಗಾಮನನ್ನು ಕಲ್ಲಿಕೋಟೆಯಲ್ಲಿ ಇಳಿಸಿದ್ದೇನೆ. ಆದರೆ ನಾನು ಮಾತ್ರ ಇವತ್ತಿನವರೆಗೂ ನೆಂಟರಿಲ್ಲದ ಊರಿನಲ್ಲಿ ಒಂದು ದಿನ ತಂಗಿದವನಲ್ಲ.

ನಮ್ಮ ಕಡೆ ಪ್ರವಾಸದ ಮೊದಲ ಪ್ರಶ್ನೆ ಯಾವ ಬಸ್ಸು, ಎಷ್ಟು ದೂರ ಎಂಬುದಲ್ಲ. "ಅಲ್ಲಿ ನಮ್ಮವರು ಯಾರ ಅದಾರ?" ಎಂಬುದು. ಹುಡುಕಿದರೆ ಯಾರಾದರೂ ಇದ್ದೇ ಇರುತ್ತಾರೆ. ಪುಣೆಗೆ ಹೋದಾಗ ನನ್ನ ಕಾಕಾನ ಸೊಸೆಯ ತಮ್ಮನ ಮಾವನ ಮನೆಯಲ್ಲಿ ಇಳಿದಿದ್ದೆವು. ಆ ಪುಣ್ಯಾತ್ಮ ನಮ್ಮನ್ನು ಎಂದೂ ನೋಡಿರಲಿಲ್ಲ, ಆದರೂ ಸ್ಟ್ಯಾಂಡಿಗೆ ಬಂದು ಕೈಚೀಲ ಹಿಡಿದುಕೊಂಡ. ಬೀಳಗಿಗೆ ಹಳೆಯ ಬಾವಿ ನೋಡಲು ಹೋದರೂ ಅಷ್ಟೇ, ಗಲಗಲಿಗೆ ಹೊಳೆ ನೋಡಲು ಹೋದರೂ ಅಷ್ಟೇ. ಬಾವಿ, ಹೊಳೆ ಆಮೇಲೆ, ಮೊದಲು ನೆಂಟರ ಮನೆಯ ಚಹಾ. ನೆಂಟರೇ ಸಿಗದ ಊರನ್ನು ನಾವು ನೋಡುವಂಥದ್ದೇನೂ ಇಲ್ಲದ ಊರೆಂದು ತೀರ್ಮಾನಿಸಿ ಕೈಬಿಡುತ್ತಿದ್ದೆವು.

ಹೀಗಿರುವಾಗ ಒಂದು ಸಂಜೆ ನನ್ನ ಹೆಂಡತಿ ಗಿರಿಜಾ ಮೊಬೈಲನ್ನು ನನ್ನ ಮೂಗಿನ ಹತ್ತಿರ ಹಿಡಿದಳು. ಒಂದು ಹಳೆಯ ವಾಡೆಯ ಚಿತ್ರ. ಕೆತ್ತನೆಯ ಕಂಬಗಳು, ನೀಲಿ ಬಣ್ಣದ ಕಿಟಕಿ, ಪಡಸಾಲೆಯಲ್ಲಿ ಹಿತ್ತಾಳೆ ಸರಪಳಿಯ ಜೋಕಾಲಿ, ಗೋಡೆಯ ತುಂಬ ಕೈಯಿಂದ ಬರೆದ ಬಳ್ಳಿ, ಗಿಳಿ, ಆನೆ. ವಾಡೆಯನ್ನು ಮೂರೇ ಕೋಣೆಗಳ ಅತಿಥಿಗೃಹ ಮಾಡಿದ್ದಾರಂತೆ.

"ಎರಡ ದಿನ ಇಲ್ಲಿ ಇದ್ದು ಬರೂಣೇನ್ರಿ?" ಎಂದಳು.

"ಛಲೋ ಐತಿ. ಯಾವ ಊರು?"

"ಜಮಖಂಡಿ."

ನಾನು ನಕ್ಕ ನಗುವಿಗೆ ಚಹಾ ನೆತ್ತಿಗೇರಿತು. ಬನಹಟ್ಟಿಯಿಂದ ಜಮಖಂಡಿ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಸಂತೆಗೆ, ದವಾಖಾನೆಗೆ, ಮದುವೆಗೆ ನೂರು ಸಲ ಹೋಗಿ ಬಂದ ಊರು. ಸಾಲದ್ದಕ್ಕೆ ಗಿರಿಜಾಳ ಸ್ವಂತ ಅಕ್ಕ ಶಾಂತಕ್ಕನ ಮನೆ ಇರುವುದೂ ಅಲ್ಲೇ. "ಅಕ್ಕನ ಮನಿ ಇಟ್ಕೊಂಡು ಲಾಡ್ಜಿನ್ಯಾಗ ಇಳದ್ರ ಮಂದಿ ಏನಂದಾರು? ನಾಳೆ ನಿಮ್ಮ ಅಕ್ಕ ನನ್ನ ಮಾರಿ ನೋಡ್ಯಾಳೇನು?" ಎಂದೆ.

ಗಿರಿಜಾ ನಗಲಿಲ್ಲ. ಮೊಬೈಲನ್ನು ಸೆರಗಿನಿಂದ ಒರೆಸುತ್ತ ಹೇಳಿದಳು: "ನಮ್ಮ ಲಗ್ನ ಆಗಿ ಮೂವತ್ತ ವರ್ಷ ಆತು. ನೀವು ಹಂಪಿ ನೋಡಿದ್ರಿ, ನಾ ಹೊಸಪೇಟಿ ಕಾಕಾರ ಮನಿ ಒಲಿ ನೋಡಿದೆ. ನೀವು ಪುಣೆ ನೋಡಿದ್ರಿ, ನಾ ಅಲ್ಲೀ ರೊಟ್ಟಿ ಹಂಚು ನೋಡಿದೆ. ಎಲ್ಲಿ ಹೋದ್ರೂ ಊರಷ್ಟ ಬ್ಯಾರೆ, ಒಲಿ ಒಂದ. ಎರಡ ದಿನ ಹಿಟ್ಟಿನ್ಯಾಗ ಕೈ ಇಡದ ಇರಬೇಕಂತ ಆಸೆ ಆಗೇತಿ. ತಪ್ಪೇನ್ರಿ?"

ಅವಳ ಮಾತು ಸುಳ್ಳಲ್ಲ. ನಮ್ಮಲ್ಲಿ ನೆಂಟರ ಮನೆಗೆ ಹೋದ ಗಂಡಸು ಕೈಕಾಲು ತೊಳೆದು ಹೊರಸಿನ ಮೇಲೆ ಪೇಪರು ಹಿಡಿದು ಕೂಡುತ್ತಾನೆ. ಹೋದ ಹೆಂಗಸು ನೇರ ಅಡುಗೆಮನೆಗೆ ನಡೆದು, "ಸರೀರಿ, ನಾ ಬಡೀತೀನಿ ಬಿಡ್ರಿ" ಎಂದು ರೊಟ್ಟಿಯ ಮುಂದೆ ಕೂಡುತ್ತಾಳೆ. ಮನೆಯಾಕೆ "ಬ್ಯಾಡ ಬ್ಯಾಡ" ಎನ್ನುತ್ತಲೇ ಸರಿದು ಜಾಗ ಕೊಡುತ್ತಾಳೆ. ಹಾಗೆ ಎದ್ದು ಹೋಗದವಳಿಗೆ ಸೊಕ್ಕಿನವಳು ಎಂಬ ಹೆಸರು ಏಳು ಊರಿಗೆ ಹಬ್ಬುತ್ತದೆ. ಹಂಪಿಯ ಕಲ್ಲಿನ ರಥದ ಮುಂದೆ ನಿಂತು ನಾನು ಭಾಷಣ ಬಿಗಿಯುತ್ತಿದ್ದಾಗ ಗಿರಿಜಾ ಎಲ್ಲಿದ್ದಳು ಎಂದು ನೆನಪಿಸಿಕೊಂಡೆ. ನೆನಪಾಯಿತು. ಖರೆ ಹೇಳುತ್ತೇನೆ, ಬಹಳ ನಾಚಿಕೆಯಾಯಿತು. ಏನಾದರಾಗಲಿ, ಎರಡು ದಿನ ಅವಳ ಕೈಗೆ ಹಿಟ್ಟು ಹತ್ತಬಾರದು ಎಂದು ಅಂದೇ ಪಣ ತೊಟ್ಟೆ.

ಫೋನ್ ಮಾಡಿದೆ. ವಾಡೆಯ ಮಾಲಕರು ವಸಂತರಾಯರೆಂದು, ನಿವೃತ್ತ ಡ್ರಾಯಿಂಗ್ ಮಾಸ್ತರರು. ಗೋಡೆಯ ಆನೆ, ಗಿಳಿಗಳೆಲ್ಲ ಅವರ ಕೈಯವೇ. ಮಾತಿಗೆ ಕುಳಿತರೆ ಏಳದ ಮನುಷ್ಯ. ಕೋಣೆಗಳಿಗೆ ಸೀರೆಯ ದಡಿಗಳ ಹೆಸರಿಟ್ಟಿದ್ದಾರಂತೆ: ಗೋಮಿ, ಚಿಕ್ಕಿ ಪರಾಸ, ಜರಿ. ನೇಕಾರರ ಊರಿನವನಾದ ನನಗೆ ಇಷ್ಟರಲ್ಲೇ ಅವರು ಪರಿಚಿತರೆನ್ನಿಸಿದರು. ಅಪಾಯ ಬಂದದ್ದೂ ಅಲ್ಲಿಂದಲೇ.

"ಬನಹಟ್ಟ್ಯಾಗ ಯಾರ ಪೈಕಿ ನೀವು?" ಎಂದರು.

ನಮ್ಮ ಸೀಮೆಯಲ್ಲಿ ಈ ಪ್ರಶ್ನೆಯಿಂದ ಪಾರಾದವರಿಲ್ಲ. ಯಾರ ಪೈಕಿ, ಯಾವ ಓಣಿ, ತಾಯಿಯ ತವರು ಯಾವುದು, ಹೆಣ್ಣು ಕೊಟ್ಟವರು ಯಾರು. ಈ ನಾಲ್ಕು ಪ್ರಶ್ನೆ ಮುಗಿಯುವುದರೊಳಗೆ ಇಬ್ಬರು ಅಪರಿಚಿತರು ಬೀಗರಾಗಿಬಿಡುತ್ತಾರೆ. ಬೀಗರಾದರೆ ಗಿರಿಜಾಳ ಗತಿ ಏನು? ಮತ್ತೆ ಒಲೆಯ ಮುಂದೆಯೇ! ನಾನು ಗಂಟಲು ಕೆಟ್ಟವನಂತೆ ಕೆಮ್ಮಿ, ಕೋಣೆ ಖಾಲಿ ಇವೆಯೇ ಎಂದು ಕೇಳಿದೆ. "ಮೂರ ವಾರ ಬಿಟ್ಟು ಬರೂ ಶನಿವಾರ ರವಿವಾರ ಗೋಮಿ ಖಾಲಿ ಐತ್ರಿ. ಚಿಕ್ಕಿ ಪರಾಸಕ್ಕ ಆಗಲೇ ಇದ ಊರಿನ ಒಬ್ಬ ಅಕ್ಕಾರು ಹೇಳ್ಯಾರ" ಎಂದರು. ತನ್ನ ಊರಿನಲ್ಲೇ ರೊಕ್ಕ ಕೊಟ್ಟು ಇರುವ ಹೆಂಗಸು ಯಾರಪ್ಪಾ, ಜಗತ್ತಿನಲ್ಲಿ ಎಂಥೆಂಥ ವಿಚಿತ್ರ ಮಂದಿ ಇರುತ್ತಾರೆ ಎಂದುಕೊಂಡೆ. ಅರ್ಧ ಗಂಟೆಯ ದಾರಿಯ ಊರಿಗೆ ಮೂರು ವಾರ ಮೊದಲು ಕೋಣೆ ಹಿಡಿಯುತ್ತಿದ್ದ ನಾನು ಹೀಗೆ ಅಂದುಕೊಂಡದ್ದು.

ಹಳೆಯ ಕಾಲದವರು ಹೇಳುತ್ತಿದ್ದರು, ದಿನ ವಾರ ತಿಳಿಸದೆ ಬರುವವನೇ ಅತಿಥಿ ಎಂದು. ಆ ಲೆಕ್ಕದಲ್ಲಿ ಮುಂಗಡ ಕೋಣೆ ಹಿಡಿದವನು ಅತಿಥಿಯೇ ಅಲ್ಲ. ಸಂಸ್ಥಾನವಿದ್ದ ಊರು ಜಮಖಂಡಿ. ಬಂದವರನ್ನು ಇಳಿಸಿಕೊಂಡು ಅದಕ್ಕೆ ಅಭ್ಯಾಸವಿದೆ. ಧರ್ಮಶಾಲೆಗೆ ಬಂದವನನ್ನು ಆಗಿನವರು ಊಟಕ್ಕೆ ಏನು ಬೇಕೆಂದು ಕೇಳುತ್ತಿರಲಿಲ್ಲ, ಹಸಿವಾಗಿದೆಯೇ ಎಂದಷ್ಟೇ ಕೇಳುತ್ತಿದ್ದರು. ವಸಂತರಾಯರು ಮಾತ್ರ ಕೇಳಿದರು: "ಊಟಕ್ಕ ಏನ್ ಮಾಡಿಸೂಣು? ಅಕ್ಕಾರನ್ನ ಕೇಳಿ ಹೇಳ್ರಿ."

ಕೇಳಿದೆ. ಗಿರಿಜಾ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟಳು. ಮೂವತ್ತು ವರ್ಷ ಎಲ್ಲರಿಗೂ "ಏನ್ ಮಾಡ್ಲಿ" ಎಂದು ಕೇಳಿದವಳಿಗೆ, ನಿನಗೇನು ಬೇಕೆಂದು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. "ಅನ್ನ ಸಾರು ಸಾಕಂತ ಹೇಳ್ರಿ, ಪಾಪ ಅವರಿಗ್ಯಾಕ ತ್ರಾಸ" ಎಂದಳು. ನನಗೆ ಸಿಟ್ಟೇ ಬಂತು. "ತ್ರಾಸ ಅವರು ನೋಡ್ಕೋತಾರ, ನಿನಗೇನ ಬೇಕ ಹೇಳ" ಎಂದೆ. ಪಾತ್ರೆ ತೊಳೆದು, ನೆಲ ಒರೆಸಿ, ಒಂದು ತಾಸಿನ ನಂತರ ಬಂದು ಮೆಲ್ಲಗೆ ಹೇಳಿದಳು:

"ಬಿಸಿ ರೊಟ್ಟಿ. ನಾ ತಾಟಿನ ಮುಂದ ಕುಂತಿರಬೇಕು, ಯಾರರ ಹಂಚಿನ ಮ್ಯಾಲಿಂದ ತಗದು ನನ್ನ ತಾಟಿಗೆ ಹಾಕಬೇಕು."

ಎಲ್ಲರಿಗೂ ಬಡಿದು ಹಾಕಿ ಕೊನೆಗೆ ಉಣ್ಣುವವಳಿಗೆ ಸಿಗುವುದು ಯಾವಾಗಲೂ ಆರಿದ ರೊಟ್ಟಿಯೇ ಎಂದು, ದಿನಾ ನಾಲ್ಕು ಬಿಸಿ ರೊಟ್ಟಿ ತಿನ್ನುವ ಈ ಇತಿಹಾಸದ ಮಾಸ್ತರನಿಗೆ ಆವತ್ತು ಹೊಳೆಯಿತು.

ಇನ್ನು ಗುಟ್ಟು ಕಾಯುವ ಕೆಲಸ. ಹೊರಡುವುದಕ್ಕೆ ನಾಲ್ಕು ದಿನ ಮೊದಲು ಶಾಂತಕ್ಕನ ಫೋನ್ ಬಂತು. "ಗಿರಿಜಾ, ಶನಿವಾರ ರವಿವಾರ ಮನ್ಯಾಗ ಇರ್ತೀರೇನು?" ಗಿರಿಜಾಳ ಮುಖ ಬಿಳುಪೇರಿತು. "ಇರ್ತೀವಿ ಬೇ ಅಕ್ಕಾ, ನಾವ್ ಎಲ್ಲಿ ಹೋಗ್ತೀವಿ!" ಎಂದುಬಿಟ್ಟಳು. ಆ ಕಡೆಯಿಂದ "ಆತ ಆತ, ಸುಮ್ನ ಕೇಳಿದೆ. ನಾ ಏನ್ ಬರಂಗಿಲ್ಲ" ಎಂದು ಸಮಾಧಾನದ ದನಿ. ಫೋನಿಟ್ಟ ಮೇಲೆ ಗಿರಿಜಾ ದೇವರಿಗೆ ಕೈಮುಗಿದಳು. ಅಕ್ಕನಿಗೆ ಅವಳು ಹೇಳಿದ ಮೊದಲ ಸುಳ್ಳಂತೆ.

ಎರಡು ದಿನ ಉಳಿದಾಗ ಶಾಲೆಯಿಂದ ಬಂದರೆ ಮನೆಯ ತುಂಬ ಹುರಿದ ಶೇಂಗಾದ ವಾಸನೆ. ಒಳಗೆ ಗಿರಿಜಾ ರೊಟ್ಟಿ ಬಡಿಯುತ್ತಿದ್ದಳು. ಪಕ್ಕದಲ್ಲಿ ಒಣಗಿಸಿದ ಕಟಿ ರೊಟ್ಟಿಯ ಗೋಪುರ.

"ಯಾರಿಗೆ ಇದು?"

"ವಸಂತರಾಯರ ಮನಿಗ್ರಿ. ಬರಿಗೈಲೆ ಹೆಂಗ ಹೋಗೂದು?"

"ಅಲ್ಲ ಮಾರಾಯ್ತಿ, ಅವರು ರೊಕ್ಕ ತಗೊಂಡು ಇಳಿಸ್ಕೊಳ್ಳೂ ಮಂದಿ!"

"ರೊಕ್ಕ ರೊಕ್ಕದ ಕಡಿಗೆ. ಒಬ್ಬರ ಹೊಸ್ತಲಾ ದಾಟಬೇಕಂದ್ರ ಕೈಯಾಗ ಏನರ ಬೇಕು" ಎಂದು ಇನ್ನೊಂದು ಉಂಡೆ ಹಿಟ್ಟು ತೆಗೆದುಕೊಂಡಳು. ಎರಡು ದಿನ ರೊಟ್ಟಿ ಬಡಿಯದೆ ಇರಬೇಕೆಂದು ಎರಡು ದಿನ ಮೊದಲೇ ನಲವತ್ತು ರೊಟ್ಟಿ ಬಡಿದವಳು ಈ ಭೂಮಿಯ ಮೇಲೆ ಇವಳೊಬ್ಬಳೇ ಇರಬೇಕು. ಮಂದಿಯ ಹಾಸಿಗೆಯಲ್ಲಿ ನಿದ್ದೆ ಬರುವುದಿಲ್ಲವೆಂದು ಒಂದು ಕೌದಿಯನ್ನೂ ಕಟ್ಟಿಟ್ಟಿದ್ದಳು. ಅದನ್ನು ನಾನು ಕಾಲು ಹಿಡಿದು ಬಿಡಿಸಿದೆ.

ಶನಿವಾರ ಬೆಳಗಿನ ಬಸ್ಸು. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಗಿರಿಜಾ ಮುಖ ಮುಚ್ಚುವಷ್ಟು ಸೆರಗು ಹೊದ್ದಿದ್ದಳು, ನಾನು ಕೊರೋನಾ ಕಾಲದ ಮಾಸ್ಕು ಏರಿಸಿದ್ದೆ. ಕಂಡಕ್ಟರ್ ಟಿಕೆಟ್ ಕೊಡುತ್ತ, "ಏನ್ ಮಾಸ್ತರ, ಆರಾಮಿಲ್ಲೇನು? ಶಾಂತಕ್ಕಾರ ಮನಿಗೇನು?" ಎಂದು ಇಡೀ ಬಸ್ಸಿಗೆ ಕೇಳುವಂತೆ ವಿಚಾರಿಸಿದ. ನನ್ನ ಹಳೆಯ ವಿದ್ಯಾರ್ಥಿ. ಇತಿಹಾಸದಲ್ಲಿ ದಡ್ಡನಾಗಿದ್ದ, ಈಗ ಚುರುಕಾಗಿದ್ದಾನೆ.

ವಾಡೆ ಚಿತ್ರದಲ್ಲಿದ್ದಂತೆಯೇ ಇತ್ತು. ವಸಂತರಾಯರು ಬಾಗಿಲಿಗೇ ಬಂದು ಬೆಲ್ಲ ನೀರು ಕೊಟ್ಟರು. ಗಿರಿಜಾ ರೊಟ್ಟಿಯ ಗಂಟನ್ನೂ ಶೇಂಗಾ ಚಟ್ನಿಯ ಡಬ್ಬಿಯನ್ನೂ ಅವರ ಹೆಂಡತಿಯ ಕೈಗಿಟ್ಟು ಪಡಸಾಲೆಗೆ ಕಾಲಿಟ್ಟಳು, ಕಾಲಿಟ್ಟವಳು ಅಲ್ಲೇ ನಿಂತಳು. ಜೋಕಾಲಿಯಲ್ಲಿ ಕಾಲು ಮಡಿಚಿ ಕುಳಿತು, ಚಹಾದಲ್ಲಿ ಟೋಸ್ಟ್ ಅದ್ದಿ ತಿನ್ನುತ್ತಿದ್ದವಳು ಶಾಂತಕ್ಕ.

ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ! ಟೋಸ್ಟ್ ಚಹಾದೊಳಗೆ ಬಿತ್ತು.

"ಗಿರಿಜಾ! ಮನ್ಯಾಗ ಇರ್ತೀವಿ ಅಂದಿದ್ದೆಲ್ಲ?"

"ನೀ ಏನ ಇಲ್ಲೆ, ಅಕ್ಕಾ?"

ಶಾಂತಕ್ಕ ಹಾಲು ಕುಡಿದು ಸಿಕ್ಕಿಬಿದ್ದ ಬೆಕ್ಕಿನಂತೆ ಕುಳಿತಳು. ಆಮೇಲೆ ಒಂದೊಂದೇ ಹೊರಬಂತು. ಅವಳ ಮನೆ ಅಲ್ಲಿಂದ ಮೂರನೆಯ ಓಣಿ. ಈ ಜೋಕಾಲಿಯನ್ನು ಅವಳೂ ಮೊಬೈಲಿನಲ್ಲಿ ನೋಡಿದ್ದಳು. ಗಂಡನಿಗೆ, "ಗಿರಿಜಾನ ಮನಿಗೆ ಹೋಗಿ ಎರಡ ದಿನ ಇದ್ದು ಬರ್ತೀನಿ" ಎಂದು ಹೇಳಿ, ಬಸ್ ಸ್ಟ್ಯಾಂಡಿನತ್ತ ಹೋಗಿ, ಹಿಂದಿನ ಓಣಿಯಿಂದ ಇಲ್ಲಿಗೆ ಬಂದಿದ್ದಳು. ನಾವು ಜಮಖಂಡಿಗೆ ಬಂದು ಗುಟ್ಟು ಒಡೆಯದಿರಲೆಂದೇ ಆವತ್ತು ಫೋನ್ ಮಾಡಿ ಖಾತ್ರಿ ಮಾಡಿಕೊಂಡದ್ದು. ಇಷ್ಟು ಕೇಳಿದ್ದೇ ತಡ, ಇಬ್ಬರೂ ಒಬ್ಬರ ಹೆಗಲ ಮೇಲೊಬ್ಬರು ಬಿದ್ದು ನಗತೊಡಗಿದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮದುವೆಯಾದ ಮೇಲೆ ಅಕ್ಕ ತಂಗಿ ಒಲೆಯಿಲ್ಲದ ಜಾಗದಲ್ಲಿ ಕೂಡಿದ್ದು ಅದೇ ಮೊದಲು.

ಅಷ್ಟರಲ್ಲಿ ನನ್ನ ಫೋನ್ ರಿಂಗಾಯಿತು. ಶಾಂತಕ್ಕನ ಗಂಡ, ನನ್ನ ಷಡ್ಡಕ ಮಲ್ಲಪ್ಪಣ್ಣ. "ಮಾಸ್ತರ, ನಮ್ಮಾಕಿ ಮುಟ್ಟಿದಳೇನು?"

ನನಗೆ ಸುಳ್ಳು ಹೇಳಲು ಬರುವುದಿಲ್ಲ. "ಮುಟ್ಯಾರ್ರಿ ಅಣ್ಣಾರ. ನನ್ನ ಎದುರಿಗೇ ಕುಂತಾರ" ಎಂದೆ.

"ಜ್ವಾಳದ ಹಿಟ್ಟು ಎಲ್ಲಿಟ್ಟಾಳ ಕೇಳ್ರಿ. ಹಸಿವಾಗೇತಿ, ಮನ್ಯಾಗ ನಾ ಒಬ್ಬನ ಅದೀನಿ."

ಕೇಳುವ ಮೊದಲೇ ಅಕ್ಕ ತಂಗಿ ನನ್ನನ್ನು ನೋಡುತ್ತಿದ್ದರು. ಇಬ್ಬರ ಕಣ್ಣಿನಲ್ಲೂ ಒಂದೇ ವಿಚಾರ. "ಮಾಸ್ತರ," ಎಂದಳು ಶಾಂತಕ್ಕ, "ನೀವ ಹೋಗ್ರಲ್ಲ. ಅವರಿಗೂ ಜೋಡಿ ಆಗತೈತಿ. ಹಿಟ್ಟು ಮ್ಯಾಲಿನ ಡಬ್ಬ್ಯಾಗ ಐತಿ."

ಹೋದೆ. ಬನಹಟ್ಟಿಯಿಂದ ಬಸ್ಸು ಬರುವಷ್ಟು ಹೊತ್ತು ದಾರಿಯಲ್ಲಿ ಕಳೆದು, ಮಲ್ಲಪ್ಪಣ್ಣನಿಗೆ, "ಅಕ್ಕ ತಂಗ್ಯಾರು ಮಾತಾಡ್ಕೋತ ಕುಂತಾರ, ಅದಕ್ಕ ನಾ ನಿಮ್ಮ ಕಡೆ ಬಂದೆ" ಎಂದೆ. ಇದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ. ಎಲ್ಲಿ ಕುಳಿತಿದ್ದಾರೆಂದು ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಈ ಬರಹ ಅಚ್ಚಾದರೂ ಭಯವಿಲ್ಲ. ಅವನು ಪೇಪರಿನಲ್ಲಿ ಮಳೆಯ ಸುದ್ದಿ ಬಿಟ್ಟು ಬೇರೇನೂ ಓದುವವನಲ್ಲ.

ಒಲೆ ಹೊತ್ತಿಸಿದೆವು. ಅವನು ಎಸರು ಕಾಸಿದ, ನಾನು ನಾದಿದೆ. ಮೊದಲ ರೊಟ್ಟಿ ಹಳೆಯ ಸಂಸ್ಥಾನಗಳ ನಕಾಶೆಯಂತೆ ಆಯಿತು, ಒಂದು ತುಂಡು ಇಲ್ಲಿ, ಇನ್ನೊಂದು ಅಲ್ಲಿ. ಎರಡನೆಯದು ಹಂಚಿಗೆ ಹತ್ತಿತು. ಮೂರನೆಯದಕ್ಕೆ ಕೈ ಸುಟ್ಟಿತು. ಸೊಂಟ ಹಿಡಿಯಿತು, ಕಣ್ಣಿಗೆ ಬೆವರಿಳಿಯಿತು. ಏಳೆಂಟು ಬಡಿದು ಮುಗಿಸಿ ನಾನು ತಾಟಿನ ಮುಂದೆ ಕೂಡುವ ಹೊತ್ತಿಗೆ ಮಲ್ಲಪ್ಪಣ್ಣ ಬಿಸಿಬಿಸಿ ನಾಲ್ಕನ್ನು ಮುಗಿಸಿದ್ದ. ನನಗೆ ಉಳಿದವು ಆರಿದವು. ಆ ಆರಿದ ರೊಟ್ಟಿಯನ್ನೇ ಮುರಿದು, ನೀರು ಕುಡಿಯುತ್ತ ತಿಂದೆ.

ರಾತ್ರಿ ಅಲ್ಲೇ ಮಲಗಿ, ರವಿವಾರ ಮಧ್ಯಾಹ್ನ ವಾಡೆಗೆ ಹೋದಾಗ ಊಟ ನಡೆದಿತ್ತು. ವಸಂತರಾಯರ ಹೆಂಡತಿ ನಗುತ್ತಲೇ ದೂರು ಹೇಳಿದರು: "ನಿನ್ನೆ ಇಬ್ರೂ ಎರಡೆರಡ ಸಲ ಎದ್ದು ನಾ ಬಡೀತೀನಿ ಅಂತ ಒಳಗ ಬಂದ್ರು. ಬೈದು ಕೂಡಿಸೀನ್ರಿ." ಆ ಹೊತ್ತಿಗೆ ಅವರು ಹಂಚಿನಿಂದ ತೆಗೆದ, ಇನ್ನೂ ಉಬ್ಬಿದ್ದ ರೊಟ್ಟಿಯೊಂದನ್ನು ಗಿರಿಜಾಳ ತಾಟಿಗೆ ಹಾಕಿದರು. ಹಬೆಯಾಡುವ ಆ ರೊಟ್ಟಿಯನ್ನು ಅವಳು ಮೊದಲು ಕೈಯಿಂದ ಮುಟ್ಟಿ ನೋಡಿದಳು, ಆಮೇಲೆ ಮುರಿದಳು. ಆ ಮುಖವನ್ನು ನಾನು ನೋಡಿದೆ. ಹಂಪಿಯಲ್ಲೂ ಅಂಥದ್ದನ್ನು ಕಂಡಿರಲಿಲ್ಲ.

ಬರುವಾಗ ಅವರು ನಮ್ಮ ಡಬ್ಬಿಯನ್ನು ಖಾಲಿ ಕೊಡಬಾರದೆಂದು ಕರದಂಟು ತುಂಬಿ ಕೊಟ್ಟರು. ಬಸ್ಸಿನಲ್ಲಿ ಗಿರಿಜಾ, "ಜಮಖಂಡಿ ನೋಡಿದ್ರೇನು?" ಎಂದಳು. "ಒಲಿ ಮುಂದ ಕುಂತು ನೋಡಿದೆ" ಎಂದು ಸುಟ್ಟ ಬೆರಳು ತೋರಿಸಿದೆ. ಅವಳು ಬೆರಳಿಗೆ ಉಫ್ ಎಂದು ಊದಿದಳು, ನಗುವನ್ನು ಮಾತ್ರ ತಡೆದುಕೊಳ್ಳಲಿಲ್ಲ.

ಮೊನ್ನೆ ಬೀದರಿನ ಕೋಟೆ ನೋಡಿ ಬರೋಣವೆಂದು ನಾನೇ ಮಾತು ತೆಗೆದೆ. ಗಿರಿಜಾ ಮೊದಲಿನ ಪ್ರಶ್ನೆಯನ್ನು ಹೊಸದಾಗಿ ಕೇಳಿದಳು:

"ಅಲ್ಲಿ ನಮ್ಮವರು ಯಾರೂ ಇಲ್ಲಲ್ಲಾ?"

"ಯಾರೂ ಇಲ್ಲ ಅನಸ್ತೈತಿ" ಎಂದೆ.

"ಇದ್ರೂ ಚಿಂತಿಲ್ಲ ಬಿಡ್ರಿ," ಎಂದಳು, "ನೀವು ಅವರ ಮನಿಗೆ ಹೋಗ್ರಿ. ಹೆಂಗೂ ರೊಟ್ಟಿ ಬಡಿಯಾಕ ಕಲತೀರಿ."