ಕೀ ಮಾಮನ ಹಲಗೆ

ಕೀ ಮಾಮನಿಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ. ಆದರೆ ಓಣಿಯ ಅಷ್ಟೂ ಬಾಗಿಲುಗಳು ಅವನ ಸುಪರ್ದಿಯಲ್ಲಿದ್ದವು. ಮಾರುಕಟ್ಟೆಯ ಮೂಲೆಯಲ್ಲಿ ಛತ್ರಿ ಬಿಚ್ಚಿ ಕೂತು ಡೂಪ್ಲಿಕೇಟ್ ಕೀ ಮಾಡಿಕೊಡುವುದು ಅವನ ಕಸುಬು. ಓಣಿಯವರು ತಂತಮ್ಮ ಮನೆಯ ಇನ್ನೊಂದು ಕೀಯನ್ನು ಅವನ ಬಳಿಯೇ ಬಿಟ್ಟಿದ್ದರು. ಅವನ್ನೆಲ್ಲ ತನ್ನ ಮನೆಯಲ್ಲಿ ಒಂದು ಹಲಗೆಗೆ ಮೊಳೆ ಹೊಡೆದು ತೂಗುಹಾಕಿದ್ದ. ಕೀ ಮರೆತವರು ಹೊತ್ತುಗೊತ್ತಿಲ್ಲದೆ ಬರುತ್ತಿದ್ದರು. ಅದಕ್ಕೇ ಅವನು ರಾತ್ರಿ ಮಲಗುವಾಗಲೂ ಬಾಗಿಲಿಗೆ ಚಿಲಕ ಹಾಕುತ್ತಿರಲಿಲ್ಲ. ನಿಮ್ಮ ತಲೆಗೂ ಒಂದು ಡೂಪ್ಲಿಕೇಟ್ ಮಾಡಿಸಿಕೊಳ್ಳಿ ಎಂದು ಗೊಣಗುತ್ತಲೇ ಕೀ ಕೊಡುತ್ತಿದ್ದ. ಆ ಗೊಣಗಾಟವೇ ಅವನ ಸಂಸಾರ.

ಇಸ್ತ್ರಿ ಅಂಗಿಯ ಒಬ್ಬ ಆಸಾಮಿ ಒಂದು ದಿನ ಕೀ ತಂದು, ಇಂಥದ್ದೇ ಇನ್ನೊಂದು ಬೇಕೆಂದ. ಕೀ ಮಾಮ ಮಾಡಿಕೊಟ್ಟ. ಮುಂದಿನ ವಾರ ಆ ಕೀಯಿಂದಲೇ ಬಟ್ಟೆ ಗೋದಾಮೊಂದು ಖಾಲಿಯಾಯಿತು. ಸಿಕ್ಕಿಬಿದ್ದವನು ಕೀ ಮಾಡಿದವನೂ ನಮ್ಮ ಪೈಕಿಯೇ ಎಂದುಬಿಟ್ಟ. ಪೊಲೀಸರು ಮಾರುಕಟ್ಟೆಗೆ ಬಂದು ವಿಚಾರಿಸಿ ಹೋದರೆಂದು ಪಕ್ಕದ ಚಪ್ಪಲಿ ಹೊಲಿಯುವವನು ಹೇಳಿದಾಗ ಕೀ ಮಾಮ ಛತ್ರಿ ಮಡಚಿದ. ಲಾಕಪ್ಪಿಗಿಂತ ಅವನಿಗೆ ಓಣಿಯದೇ ಹೆದರಿಕೆ. ಪೊಲೀಸರು ಮನೆಯಿಂದ ಎಳೆದೊಯ್ದರೆ ಮಾರನೆಯ ದಿನವೇ ಎಲ್ಲರೂ ಕೀ ವಾಪಸು ಕೇಳುತ್ತಾರೆ, ಹಲಗೆ ಬರಿದಾಗುತ್ತದೆ. ಹಾಗಾಗಬಾರದೆಂದೇ ಅವನು ಒಬ್ಬ ವಕೀಲೆಯ ಮೆಟ್ಟಿಲು ಹತ್ತಿದ್ದು.

ಬಂಧಿಸುವ ಮೊದಲೇ ನಿರೀಕ್ಷಣಾ ಜಾಮೀನು ಕೇಳಬಹುದು ಎಂದು ಆಕೆ ವಿವರಿಸಿದಳು. ಬೀಗ ಹಾಕುವ ಮುಂಚೆಯೇ ಕೀ ಮಾಡಿಸಿಕೊಂಡ ಹಾಗೆ ಎಂದು ಇವನು ನಕ್ಕ. ಆಕೆ ನಗಲಿಲ್ಲ. ಆದೇಶ ಬರುವ ತನಕ ಮನೆ ಕಡೆ ತಲೆ ಹಾಕಬೇಡಿ ಎಂದಳು.

"ಓಣಿಯವ್ರಿಗೆ ಒಂದ್ಮಾತು ಹೇಳಿ ಹೋಗ್ಲಾ ಮೇಡಂ?"

"ಯಾರಿಗೂ ಹೇಳ್ಬೇಡಿ."

ಕಾನೂನಿನ ಮಟ್ಟಿಗೆ ಒಳ್ಳೆಯ ಬುದ್ಧಿವಾದವೇ. ಅವನು ಚಾಚೂ ತಪ್ಪದೆ ಪಾಲಿಸಿದ.

ತಂಗಿಯ ಮನೆಯ ಹಿಂದಿನ ಕೋಣೆಯಲ್ಲಿ, ಹಳೇ ಹಾಸಿಗೆಗಳ ಮಧ್ಯೆ ದಿನ ದೂಡಿದ. ನೆಂಟರು ಬಂದರೆ ತಂಗಿ ಕಣ್ಣಲ್ಲೇ ಸನ್ನೆ ಮಾಡುತ್ತಿದ್ದಳು. ಇವನು ಬಾಗಿಲು ಮುಂದೆ ಮಾಡಿಕೊಂಡು ಕೆಮ್ಮನ್ನೂ ನುಂಗಿಕೊಳ್ಳುತ್ತಿದ್ದ. ಭಾವ ಮುಖ ಕೊಟ್ಟು ಮಾತಾಡಲಿಲ್ಲ. ಓಣಿಯಲ್ಲಿ ಯಾರು ಕೀ ಮರೆತು ಬೀದಿಯಲ್ಲಿ ನಿಂತಿದ್ದಾರೋ ಎಂದು ಕೀ ಮಾಮ ಕೂತಲ್ಲೇ ಚಡಪಡಿಸುತ್ತಿದ್ದ. ತನ್ನನ್ನು ಬೈದುಕೊಳ್ಳುವವರಾದರೂ ಇದ್ದಾರಲ್ಲ ಎಂದು ಅದರಲ್ಲೇ ಸಮಾಧಾನಪಟ್ಟ.

ಕೊನೆಗೂ ಜಾಮೀನು ಸಿಕ್ಕಿತು. ತಂಗಿ ಅತ್ತೂ ಕರೆದೂ ಭಾವನಿಂದ ಜಾಮೀನುದಾರನ ಸಹಿ ಹಾಕಿಸಿದಳು. ಕರೆದಾಗ ಠಾಣೆಗೆ ಹೋದರಾಯಿತು, ಹಿಡಿಯುವಂತಿಲ್ಲ. ಆದೇಶದ ಪ್ರತಿಯನ್ನು ಜೇಬಿನಲ್ಲಿಟ್ಟು ಸಂಜೆ ಓಣಿಗೆ ಬಂದ. ಹೋಗುವಾಗ ಮನೆಗೆ ಹಾಕಿದ್ದ ಬೀಗ ತೆಗೆದವನೇ ಮೊದಲು ಹಲಗೆ ನೋಡಿದ. ಅಷ್ಟೂ ಕೀಗಳು ಅಲ್ಲೇ ಇದ್ದವು. ಬೀಗ ಒಡೆದು ಒಯ್ಯುವಷ್ಟು ಅನುಮಾನ ಯಾರಿಗೂ ಬಂದಿರಲಿಲ್ಲ. ಅವನಿಗೆ ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಎದುರು ಮನೆಯ ಅಜ್ಜಿ ತನ್ನ ಮೆಟ್ಟಿಲ ಮೇಲೆ ಕೂತಿದ್ದು ಕಾಣಿಸಿತು. ಹಿಂದೆ ಬಾಗಿಲಿಗೆ ಬೀಗ. ಅವಳ ಕೀ ಹುಡುಕಿಕೊಂಡು ಓಡಿದ.

"ಬೇಡ ಕಣಪ್ಪ, ಅದು ಈಗ ಆಗಲ್ಲ," ಎಂದಳು ಅಜ್ಜಿ. "ಮಗ ಬೀಗ ಬದಲಾಯಿಸಿದ. ಎಲ್ಲಾ ಮನೆಯವ್ರೂ ಬದಲಾಯಿಸಿದ್ರು. ನೀನು ಹೇಳದೆ ಕೇಳದೆ ಹೋದೆಯಲ್ಲ, ಆ ವಾರವೇ."

ಅವನು ಓಣಿಯುದ್ದಕ್ಕೂ ಕಣ್ಣು ಹಾಯಿಸಿದ. ಬಾಗಿಲು ಬಾಗಿಲಿಗೂ ಹೊಸ ಬೀಗ.

"ಪೊಲೀಸ್ರು ಬಂದಿದ್ರಾ ಅಜ್ಜಿ ಇಲ್ಲಿಗೆ?"

"ಇಲ್ಲಪ್ಪ, ಯಾರೂ ಬರ್ಲಿಲ್ಲ. ನೀನೂ ಬರ್ಲಿಲ್ಲ."

ಜೇಬಿನ ಕಾಗದವನ್ನು ತೆಗೆದು ತೋರಿಸಬೇಕೆನಿಸಿತು. ತೋರಿಸಿ ಏನು ಹೇಳುವುದು? ಅವಳ ಹೊಸ ಬೀಗವನ್ನು ನೋಡಿದ. ಒಂದು ತಂತಿ ಸಿಕ್ಕರೆ ಕಣ್ಣು ಮಿಟುಕಿಸುವುದರೊಳಗೆ ತೆಗೆದುಕೊಡಬಲ್ಲ. ಮುಂದೆ ಹೋದ ಕೈಯನ್ನು ಅವನೇ ಹಿಂದಕ್ಕೆ ಎಳೆದುಕೊಂಡ.

"ಚಳಿ ಇದೆ, ನಮ್ಮನೇಲಿ ಬಂದು ಕೂತ್ಕೊಳ್ಳಿ."

"ಇಲ್ಲೇ ಇರ್ತೀನಿ ಬಿಡು. ಮಗ ಇನ್ನೇನು ಬಂದ್ಬಿಡ್ತಾನೆ," ಎಂದು ಅಜ್ಜಿ ಸೆರಗು ಹೊದ್ದುಕೊಂಡಳು.

ಇವನೂ ತನ್ನ ಮೆಟ್ಟಿಲ ಮೇಲೆ ಕೂತ. ಮಗ ಬಂದ, ಇವನತ್ತ ತಿರುಗದೆ ಬೀಗ ತೆಗೆದ, ತಾಯಿಯನ್ನು ಒಳಗೆ ಕರೆದೊಯ್ದ. ಕೀ ಮಾಮ ಎದ್ದು ಹೋಗಿ ಅಜ್ಜಿಯ ಹಳೇ ಕೀಯನ್ನು ಅದರ ಮೊಳೆಗೇ ತೂಗುಹಾಕಿದ. ಆಮೇಲೆ ಬಾಗಿಲಿಗೆ ಚಿಲಕ ಹಾಕಿ ಮಲಗಿದ.