ಉಪವಾಸ ವಾಪಸ್ ಬಂದ ಕೌದಿ

ಗೆಳೆಯರೇ, ಆನ್‌ಲೈನಿನಲ್ಲಿ ಮಾರಿದ್ದ ನಮ್ಮವ್ವನ ಕೌದಿ ಇವತ್ತು ಬೆಂಗಳೂರಿನಿಂದ ದೇವದುರ್ಗಕ್ಕೆ ವಾಪಸ್ ಬಂತು. ಅದನ್ನು ಕೊಂಡ ಅಲ್ಲಿನ ಮೇಡಂ ಒಬ್ಬರು ಆರ್ಡರ್ ಮಾಡುವಾಗಲೇ ತಾಕೀತು ಮಾಡಿದ್ದರು: "ಮಷಿನ್ ಹೊಲಿಗೆ ಬೇಡ. ಎಲ್ಲಾ ಹಳೇ ಸಂಪ್ರದಾಯದ ಪ್ರಕಾರವೇ ಇರಬೇಕು."

ಅವ್ವ ಹಾಗೇ ಹೊಲಿದಿದ್ದಳು. ಕೌದಿ ಹಸಿದಿರಬಾರದೆಂದು, ಕೊನೆಯ ಮೂಲೆ ಮುಚ್ಚುವ ಮುನ್ನ ಒಳಗೊಂದು ಖಡಕ್ ರೊಟ್ಟಿಯ ಚೂರು ಇಡುವುದು ನಮ್ಮ ಮನೆಯ ಹೆಂಗಸರ ರೂಢಿ. ಮೂಲೆ ಗಟ್ಟಿಯಾಗಿದೆಯೆಂದು ಮೇಡಂ ಕತ್ತರಿ ಹಾಕಿ ನೋಡಿದ್ದಾರೆ. ರೊಟ್ಟಿಯ ಫೋಟೊ ಹಾಕಿ, ಒಂದೇ ಸ್ಟಾರ್ ಕೊಟ್ಟು ಬರೆದಿದ್ದಾರೆ: "ಒಳಗೆ ಊಟದ ಕಸ. ಸ್ವಚ್ಛತೆ ಗೊತ್ತಿಲ್ಲದ ಜನ."

ನಾನು ಸುಮ್ಮನಿರಲಿಲ್ಲ. "ಸಂಪ್ರದಾಯ ಬೇಕಂತ ನೀವೇ ಕೇಳಿದ್ದಲ್ರೀ ಮೇಡಂ?" ಎಂದು ಮೆಸೇಜ್ ಹಾಕಿದೆ.

"ಸಂಪ್ರದಾಯ ಡಿಸೈನಲ್ಲಿ ಕಣ್ರೀ, ಊಟದಲ್ಲಲ್ಲ!"

ಅವ್ವ ಮಾತ್ರ ಹರಿದ ಮೂಲೆಯೊಳಗೆ ಬೆರಳಾಡಿಸಿ, "ಇದ್ದ ಒಂದ್ ಚೂರ್ ರೊಟ್ಟೀನೂ ಕಸಗೊಂಡು ಕಳಿಸ್ಯಾಳ ನೋಡ್ ಬೇ. ಅಷ್ಟ್ ದೊಡ್ಡ ಊರಿಗಿ ಹೋಗಿ, ಪಾಪ, ಉಪವಾಸ ಬಂದದ" ಎಂದು ಹೊಸ ಚೂರು ಇಟ್ಟು ಹೊಲಿದಳು.

ಕೌದಿ ಮತ್ತೆ ಮಾರಾಟಕ್ಕಿದೆ. ಅದರ ಊಟ ಆಗಿದೆ. ಮನೆಯಲ್ಲಿ ಕತ್ತರಿ ಇರುವವರು ದಯವಿಟ್ಟು ಆರ್ಡರ್ ಮಾಡಬೇಡಿ.