ಬಿಸಿ ನೀರಿಗೆ ಅಡ್ಡ ಕೂತ ದೊಡ್ಡಮ್ಮ

ಹೋದ ವಾರ ಹೊಸದುರ್ಗದ ಪೇಟೆಯಲ್ಲಿ ಬಸ್ಸಿಳಿದು ಬರುತ್ತಿದ್ದೆ. ಒಂದು ಹಿಟ್ಟಿನ ಗಿರಣಿಯೊಳಗಿಂದ ಆಗತಾನೇ ಬೀಸಿದ ರಾಗಿಯ ಬಿಸಿ ವಾಸನೆ ಮೂಗಿಗೆ ಬಡಿಯಿತು. ಅಲ್ಲೇ ನಿಂತುಬಿಟ್ಟೆ. ನನ್ನ ಪಾಲಿಗೆ ಅದು ಹಿಟ್ಟಿನ ವಾಸನೆಯಲ್ಲ, ನಮ್ಮ ಪಕ್ಕದ ಮನೆಯ ಗಿರಣಿ ದೊಡ್ಡಮ್ಮನ ವಾಸನೆ...

ನಾನು ಮದುವೆಯಾಗಿ ಶ್ರೀರಾಂಪುರದ ಕಡೆಯ ಈ ಊರಿಗೆ ಬಂದಾಗ ಅವರಿಗೆ ಅರವತ್ತು ದಾಟಿತ್ತು. ಗಂಡ ತೀರಿಕೊಂಡ ಮೇಲೆ ಗಿರಣಿಯನ್ನು ತಾವೇ ನಡೆಸಿ, ಒಬ್ಬನೇ ಮಗನನ್ನು ಐಟಿಐ ಓದಿಸಿದ್ದರು. ಹಣೆ ತುಂಬ ವಿಭೂತಿ, ಹುಬ್ಬಿನ ಮೇಲೆಲ್ಲ ಹಿಟ್ಟು. ಗಿರಣಿಯ ಸದ್ದಿನಲ್ಲೇ ಮಾತಾಡಿ ಮಾತಾಡಿ ಅವರ ಗಂಟಲು ದೊಡ್ಡದಾಗಿತ್ತು. ಗುಟ್ಟು ಹೇಳಿದರೂ ಬೀದಿಗೆಲ್ಲ ಕೇಳುತ್ತಿತ್ತು.

ನಮ್ಮೂರ ಕೆರೆಯ ದಂಡೆಯಲ್ಲಿ ತೆಂಗಿನ ಸಿಪ್ಪೆ, ಮರದ ಹೊಟ್ಟು ಉರಿಸಿ ಕರೆಂಟು ತೆಗೆಯುವ ಕಾರ್ಖಾನೆಯೊಂದು ಶುರುವಾಗಿದ್ದು ಆ ದಿನಗಳಲ್ಲಿ. ಯಂತ್ರ ತಣಿಸಲು ಕೆರೆಯಿಂದ ನೀರು ಎತ್ತುತ್ತಿದ್ದರು, ಕಾದ ನೀರನ್ನು ಸಿಮೆಂಟಿನ ಕಾಲುವೆಯಲ್ಲಿ ವಾಪಸ್ಸು ಕೆರೆಗೇ ಬಿಡುತ್ತಿದ್ದರು. ಊರ ಹುಡುಗರಿಗೆ ಕೆಲಸ ಸಿಕ್ಕಿತು. ದೊಡ್ಡಮ್ಮನ ಮಗ ಬಾಯ್ಲರ್ ಮನೆಗೆ ಸೇರಿದ.

ಮೊದಲ ಚಳಿಗಾಲದಲ್ಲಿ ಊರಿಗೆ ಊರೇ ಖುಷಿಯಾಗಿತ್ತು. ಸೌದೆ ಉರಿಸದೆ ಬಿಸಿ ನೀರು! ಹೆಂಗಸರು ಕಾಲುವೆ ಪಕ್ಕ ಬಟ್ಟೆ ಒಗೆದರು, ಮುದುಕರು ಮಂಡಿನೋವಿಗೆ ಕಾಲು ಇಳಿಬಿಟ್ಟು ಕೂತರು. ನಾನೂ ಮಗುವಿನ ಬಟ್ಟೆಗಳನ್ನು ಅಲ್ಲಿಗೇ ಒಯ್ಯುತ್ತಿದ್ದೆ. ನೀರು ತಿಳಿಯಾಗಿತ್ತು. ಬಣ್ಣವಿಲ್ಲ, ವಾಸನೆಯಿಲ್ಲ. ಕೆಡುಕು ಅಂತ ಯಾರಿಗೆ ಅನ್ನಿಸಬೇಕು?

ಬೇಸಿಗೆ ಬಂತು. ಕೆರೆ ಇಳಿಯಿತು. ಒಂದು ಬೆಳಿಗ್ಗೆ ದಡದುದ್ದಕ್ಕೂ ಮೀನುಗಳು ನೀರಿನ ಮೇಲೆ ಬಾಯಿ ತೆರೆದು ತೆರೆದು ಮುಚ್ಚುತ್ತಿದ್ದವು. ಬಿಸಿಲೇರುವ ಹೊತ್ತಿಗೆ ಹೊಟ್ಟೆ ಮೇಲಾಗಿ ತೇಲಿದವು. ಕೆರೆಯಲ್ಲಿ ಬಲೆ ಬಿಡುತ್ತಿದ್ದ ಬೆಸ್ತರ ಹಿರಿಯರು ತೆಪ್ಪದಲ್ಲೇ ತಲೆಮೇಲೆ ಕೈಹೊತ್ತು ಕೂತಿದ್ದರು. ನೀರು ತರಲು ಹೋದ ದೊಡ್ಡಮ್ಮ ಅದನ್ನು ನೋಡಿ, ಕೊಡವನ್ನು ಅಲ್ಲೇ ಬಿಟ್ಟು ಸೀದಾ ನಮ್ಮ ಮನೆಗೆ ಬಂದರು.

"ಏನವ್ವ, ಸಿರಿಗೆರೇಲಿ ಸೈನ್ಸು ಓದೀಯಲ್ಲ. ವಿಷ ಬಿಟ್ಟವ್ರೇನು ನೋಡು ಬಾ."

ವಿಷವಲ್ಲ, ನೀರು ಕಾದರೆ ಅದರಲ್ಲಿ ಗಾಳಿ ಕಮ್ಮಿಯಾಗುತ್ತದೆ, ಮೀನಿಗೆ ಉಸಿರು ಕಟ್ಟುತ್ತದೆ ಅಂತ ಹೇಳಿದೆ. "ಹಂಗಾದ್ರೆ ನಮ್ಮ ಮುಂದೇನೇ ಉಸಿರುಗಟ್ಟಿಸಿ ಕೊಲ್ಲಾಕತ್ತವ್ರೆ ಅನ್ನು" ಎಂದರು ದೊಡ್ಡಮ್ಮ.

ಜೀವಮಾನದಲ್ಲಿ ಮೀನು ಮುಟ್ಟಿದವರಲ್ಲ ಅವರು. ನಮ್ಮ ಮನೆಯಲ್ಲೇ ಅತ್ತೆ ನಕ್ಕರು, ತಿನ್ನದವಳಿಗೆ ಮೀನಿನ ಉಸಾಬರಿ ಯಾಕೆ ಅಂತ. ದೊಡ್ಡಮ್ಮ ಬಾಗಿಲಲ್ಲೇ ತಿರುಗಿ, "ಯಾಕೆ, ತಿನ್ನೋರಿಗೋಸ್ಕರ ಮಾತ್ರ ಬದುಕಿರ್ಬೇಕಾ ಅವು?" ಎಂದು ಹೋದರು.

ನಾನೂ ದೊಡ್ಡಮ್ಮನೂ ಹೊಸದುರ್ಗದ ತಾಲ್ಲೂಕು ಕಚೇರಿಗೆ ಹೋಗಿ ಅರ್ಜಿ ಕೊಟ್ಟು ಬಂದೆವು. ಒಬ್ಬ ಅಧಿಕಾರಿ ಬಂದರು, ಬಾಟಲಿಯಲ್ಲಿ ನೀರು ತುಂಬಿಕೊಂಡು ಹೋದರು, ಮತ್ತೆ ಬಂದು ನೀರಿನಲ್ಲಿ ಯಾವ ಕೆಮಿಕಲ್ಲೂ ಇಲ್ಲ ಎಂದರು.

"ಇಲ್ಲ ಅಂತ ನಾವೂ ಹೇಳ್ತೀವಿ ಸಾಹೇಬ್ರೆ. ಬಿಸಿ ಐತೆ" ಎಂದರು ದೊಡ್ಡಮ್ಮ.

"ಬಿಸಿ ಇದ್ರೆ ಆರುತ್ತೆ ಬಿಡಮ್ಮ" ಎಂದು ಅವರು ಜೀಪು ಹತ್ತಿದರು.

ಆ ಸಂಜೆ ಪಕ್ಕದ ಮನೆಯಲ್ಲಿ ಜೋರು ಮಾತು. ಗೋಡೆ ಒಂದೇ, ಎಲ್ಲ ಕೇಳುತ್ತಿತ್ತು. "ಅವ್ವಾ, ಮ್ಯಾನೇಜರ್ ನನ್ನ ಕರೆಸಿದ್ರು. ಮೀನಿಗೋಸ್ಕರ ಮಗನ ಅನ್ನ ಕಿತ್ಕಂತೀಯಾ?" ಎಂದ ಮಗ. ದೊಡ್ಡಮ್ಮ, "ನೀನು ಉಣ್ಣಬಾರ್ದು ಅಂತ ಯಾವ ತಾಯಿ ಅಂತಾಳಪ್ಪ? ಕೆರೆ ಬೇಯಿಸಿ ಉಣ್ಣೋದು ನನ್ನ ಗಂಟಲಲ್ಲಿ ಇಳಿಯಂಗಿಲ್ಲ" ಎಂದಿದ್ದು ಕೇಳಿಸಿತು.

ಮಾರನೆಯ ದಿನ ಗಿರಣಿ ತೆಗೆಯಲಿಲ್ಲ. ಖಾಲಿ ಗೋಣಿಚೀಲಗಳನ್ನು ಹೊತ್ತು ಕಾಲುವೆಗೆ ಹೋದರು. ಚೀಲಕ್ಕೆ ಮಣ್ಣು ತುಂಬಿ, ಕೆರೆಗೆ ಸೇರುವ ಬಾಯಿಗೆ ಒಂದರ ಮೇಲೊಂದು ಒಟ್ಟತೊಡಗಿದರು. ಮೊದಲು ಸೇರಿದವಳು ನಾನು. ಆಮೇಲೆ ಬೆಸ್ತರ ಹಿರಿಯರ ಮನೆ ಹೆಂಗಸರು, ಆಮೇಲೆ ಅಲ್ಲೇ ಬಟ್ಟೆ ಒಗೆಯುತ್ತಿದ್ದವರೂ ಸೊಂಟಕ್ಕೆ ಸೆರಗು ಸಿಕ್ಕಿಸಿ ಬಂದರು. ಬಿಸಿ ನೀರು ಏರಿ ಹಿಂದಕ್ಕೆ ತಿರುಗಿ ಕಾರ್ಖಾನೆಯ ಅಂಗಳಕ್ಕೆ ನುಗ್ಗಿತು. ಮ್ಯಾನೇಜರ್ ಓಡಿ ಬಂದರು.

"ಏನಮ್ಮ ಇದು? ಕಾಲುವೆ ನಮ್ಮದು, ಗೊತ್ತಲ್ವಾ?"

ದೊಡ್ಡಮ್ಮ ಚೀಲಗಳ ಮೇಲೆಯೇ ಕೂತರು. "ಹೌದ್ರಿ, ಕಾಲುವೆ ನಿಮ್ದೇ. ಕೆರೆ ನಮ್ದು. ನಿಮ್ ಕಾಲುವೆ ನೀವೇ ಇಟ್ಕಳ್ರಿ, ನೀರೂ ಅದರಾಗೇ ಇರ್ಲಿ."

ಮ್ಯಾನೇಜರ್ ಪೊಲೀಸರನ್ನು ಕರೆಸಲಿಲ್ಲ. ಅದಕ್ಕಿಂತ ಕೆಟ್ಟದ್ದು ಮಾಡಿದರು. ಚೀಲ ತೆಗೆಯಲು ದೊಡ್ಡಮ್ಮನ ಮಗನನ್ನೇ ಕಳಿಸಿದರು.

ಅವನು ತಾಯಿಯ ಮುಖ ನೋಡದೆ ಒಂದು ಚೀಲ ಎತ್ತಿ ದಡಕ್ಕೆ ಹಾಕಿದ. ದೊಡ್ಡಮ್ಮ ಎದ್ದು, ಅದನ್ನು ದರದರ ಎಳೆದುಕೊಂಡು ಬಂದು ಇದ್ದಲ್ಲೇ ಇಟ್ಟರು. ಅವನು ಮತ್ತೆ ಎತ್ತಿದ. ಇವರು ಮತ್ತೆ ಎಳೆದರು. ಇಬ್ಬರೂ ಏದುತ್ತಿದ್ದರು, ಇಬ್ಬರ ಕಣ್ಣಲ್ಲೂ ನೀರು... ಯಾರೂ ನಡುವೆ ಹೋಗಲಿಲ್ಲ. ಕೊನೆಗೆ ಅವನು ಹೊತ್ತ ಚೀಲವನ್ನು ತಾನೇ ಕಾಲುವೆಯ ಬಾಯಿಗೆ ಕುಕ್ಕಿ, "ತಗೋ, ಆಯ್ತಾ ಸಮಾಧಾನ?" ಎಂದು ಕೂಗಿ ರಸ್ತೆ ಕಡೆ ನಡೆದುಬಿಟ್ಟ. ದೊಡ್ಡಮ್ಮ ಅವನ ಬೆನ್ನು ಮರೆಯಾಗುವವರೆಗೂ ನೋಡಿದರು. ಆಮೇಲೆ ಬಂದು ಮತ್ತೆ ಅಲ್ಲೇ ಕೂತರು.

ಕಾರ್ಖಾನೆ ನಿಂತಿತು. ತಹಶೀಲ್ದಾರರು ಬಂದರು. ದಿನಗಟ್ಟಲೆ ಮಾತುಕತೆ ನಡೆಯಿತು. ಕೂತವರನ್ನು ಏಳಿಸಲು ಆಗದೆ, ಕಾರ್ಖಾನೆಯವರು ತಮ್ಮ ಅಂಗಳದಲ್ಲೇ ಹೊಂಡ ತೋಡಿಸಿ, ನೀರು ಪೂರ್ತಿ ಆರಿದ ಮೇಲೆ ಬಿಡುತ್ತೇವೆ ಎಂದು ಒಪ್ಪಿದರು. ಹೊಂಡ ಮುಗಿಯುವವರೆಗೆ ಯಂತ್ರ ತಿರುಗಲು ದೊಡ್ಡಮ್ಮ ಬಿಡಲಿಲ್ಲ. ಮಳೆ ಬಂತು, ಕೆರೆ ತುಂಬಿತು, ಬೆಸ್ತರು ಮರಿ ತಂದು ಬಿಟ್ಟರು. ಮೀನು ಮತ್ತೆ ಆದವು.

ಮಗನನ್ನು ಏನೋ ನೆಪ ಹೇಳಿ ಕೆಲಸದಿಂದ ತೆಗೆದರು. ಅವನು ಹಿರಿಯೂರಿನ ಗ್ಯಾರೇಜಿಗೆ ಸೇರಿದ. ಹಬ್ಬಕ್ಕೆ ಬರುತ್ತಿದ್ದ, ಉಂಡು ಹೋಗುತ್ತಿದ್ದ. ಆದರೆ ಅವ್ವಾ ಎಂದು ಬಾಯಿತುಂಬ ಕರೆದಿದ್ದನ್ನು ಆಮೇಲೆ ನಾನು ಕೇಳಲಿಲ್ಲ. ಒಮ್ಮೆ ಅವನ ಬಸ್ಸು ಹೋದ ಮೇಲೆ ದೊಡ್ಡಮ್ಮ ನನ್ನ ಪಕ್ಕ ಕಟ್ಟೆಯ ಮೇಲೆ ಕೂತು, "ನಾನು ಮಾಡಿದ್ದು ತಪ್ಪೇನವ್ವ?" ಎಂದರು. ನಾನು ಬಾಯಿ ತೆರೆಯುವ ಮುಂಚೆ ತಾವೇ ಅಂದರು: "ಇಲ್ಲ ಬಿಡು. ಇನ್ನೊಂದ್ಸಲ ಆದ್ರೂ ಅಲ್ಲೇ ಕುಂತ್ಕಂತೀನಿ."

ಅವರು ತೀರಿಕೊಂಡ ದಿನ ಬೆಸ್ತರ ಮನೆಯವರು ಯಾರೂ ತೆಪ್ಪ ಇಳಿಸಲಿಲ್ಲ. ಮಗ ಅವರನ್ನು ಮಣ್ಣು ಮಾಡಿದ ಗುಂಡಿಯ ಬಳಿ ಮಂಡಿಯೂರಿ ಕೂತವನು ಎಷ್ಟು ಹೊತ್ತಾದರೂ ಏಳಲಿಲ್ಲ. ಒಳಗೊಳಗೇ ಅವ್ವಾ ಎಂದು ಕರೆದನೋ ಇಲ್ಲವೋ...

ಈಗ ಕಾರ್ಖಾನೆ ಕೈಬದಲಾಗಿದೆ. ಇನ್ನೊಂದು ಯಂತ್ರ ಕೂಡಿಸುತ್ತಾರಂತೆ. ಹೊಂಡಕ್ಕೆ ಜಾಗ ಸಾಲುವುದಿಲ್ಲವಂತೆ, ಸ್ವಲ್ಪ ನೀರು ನೇರವಾಗಿ ಕೆರೆಗೆ ಬಿಟ್ಟರೆ ಏನೂ ಆಗುವುದಿಲ್ಲವಂತೆ. ನಾಳೆ ಪಂಚಾಯ್ತಿ ಮುಂದೆ ಸಭೆ ಕರೆದಿದ್ದಾರೆ. ನನ್ನ ತಲೆಯೂ ನರೆತಿದೆ, ದನಿ ಅವರಷ್ಟು ದೊಡ್ಡದಲ್ಲ. ಅವರಿದ್ದಿದ್ದರೆ ಅವರ ಹಿಂದೆ ನಿಲ್ಲುತ್ತಿದ್ದೆ. ಇಲ್ಲವಲ್ಲ, ಮುಂದೆಯೇ ನಿಲ್ಲುತ್ತೇನೆ.